ಮೊಬೈಲ್ ಪರದೆಯ ಮನೆಗಳು ಮತ್ತು ಕನ್ನಡದ ಒತ್ತಕ್ಷರ

ಮಹಾನಗರಗಳ ಕನ್ನಡ ಸಂಘ-ಸಂಸ್ಥೆಗಳಲ್ಲಿ ಇಂದು ಆಮಂತ್ರಣ ಪತ್ರಿಕೆ, ಸದಸ್ಯರ ಯಾದಿ, ವಾರ್ಷಿಕ ಕ್ಯಾಲೆಂಡರ್ ಇವೆಲ್ಲವೂ ಕಾಗದವನ್ನು ಬಿಟ್ಟು ಮೊಬೈಲ್ ಪರದೆಯನ್ನು ಸೇರುತ್ತಿವೆ. ಬ್ಯಾಂಕಿನ ವ್ಯವಹಾರವಂತೂ ಬಹುಪಾಲು ಅಲ್ಲಿಗೇ ಬಂದು ನಿಂತಿದೆ. ಈ ಬದಲಾವಣೆಯನ್ನು ಹಿರಿಯರು ತಕರಾರಿಲ್ಲದೆ ಒಪ್ಪಿಕೊಂಡಿದ್ದಾರೆ. ಆದರೂ ಕನ್ನಡದಲ್ಲಿರುವ ಆ್ಯಪ್‌ಗಳ ಬಗ್ಗೆ ಅವರಿಂದ ಪದೇ ಪದೇ ಕೇಳಿಬರುವ ಮಾತುಗಳು ಮೂರು. ಅಕ್ಷರದ ಕೆಳಭಾಗ ಕಾಣುವುದಿಲ್ಲ. ಅರ್ಧ ಪದವಷ್ಟೇ ಇದೆ, ಮುಂದಿನದು ಚುಕ್ಕಿ ಚುಕ್ಕಿ. ಒಂದನ್ನು ಒತ್ತಿದರೆ ಪಕ್ಕದ್ದು ತೆರೆದುಕೊಳ್ಳುತ್ತದೆ. ಇದನ್ನು ಕೇಳಿದ ಕಿರಿಯರು ಕನ್ನಡಕವನ್ನು ಬದಲಿಸಿಕೊಳ್ಳಿ ಎನ್ನುತ್ತಾರೆ, ಇಲ್ಲವೇ ಭಾಷೆಯನ್ನು ಇಂಗ್ಲಿಷಿಗೆ ಬದಲಿಸಿಕೊಟ್ಟು ಸಮಸ್ಯೆ ಪರಿಹಾರವಾಯಿತೆಂದು ತಿಳಿಯುತ್ತಾರೆ.

ಈ ಮೂರು ದೂರುಗಳಿಗೂ ಕಣ್ಣಿನ ದೋಷ ಕಾರಣವಲ್ಲ, ಕನ್ನಡ ಲಿಪಿಯ ದೋಷವೂ ಕಾರಣವಲ್ಲ. ಪರದೆಯನ್ನು ಮನೆಗಳಾಗಿ ವಿಂಗಡಿಸುವಾಗ ಆ ಮನೆಗಳ ಅಗಲ, ಎತ್ತರ ಹಾಗೂ ಒಳಗಿನ ಅಕ್ಷರದ ಸ್ಥಾನವನ್ನು ನಿರ್ಧರಿಸಿದ ರೀತಿಯಲ್ಲಿಯೇ ಇವುಗಳ ಮೂಲವಿದೆ. ಈ ವಿಂಗಡಣೆಗೆ ತಂತ್ರಜ್ಞರು ಗ್ರಿಡ್ ಎನ್ನುತ್ತಾರೆ. ಇದರ ಲೆಕ್ಕಾಚಾರ ಅಷ್ಟೇನೂ ಜಟಿಲವಲ್ಲ. ಕೂಡು, ಕಳೆ, ಭಾಗಿಸು ಬಲ್ಲವರೆಲ್ಲರೂ ಅರಿಯಬಹುದಾದಷ್ಟು ಸರಳ. ಸಂಘದ ಆ್ಯಪ್ ಮಾಡಿಸಲು ಹೊರಡುವ ಕಾರ್ಯಕಾರಿ ಸಮಿತಿಯವರು ಇದನ್ನು ಅರಿತಿದ್ದರೆ ತಯಾರಕರಿಗೆ ಯಾವ ಪ್ರಶ್ನೆ ಕೇಳಬೇಕೆಂಬುದು ತಿಳಿಯುತ್ತದೆ. ಆ ಉದ್ದೇಶದಿಂದ, ಎಲ್ಲರಿಗೂ ಪರಿಚಿತವಾದ ತಿಂಗಳ ಕ್ಯಾಲೆಂಡರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ವಿಷಯವನ್ನು ವಿವರಿಸುವ ಪ್ರಯತ್ನವನ್ನು ಇಲ್ಲಿ ಮಾಡುತ್ತಿದ್ದೇವೆ.

ಗ್ರಿಡ್ ಎಂದರೇನು?

ಚೌಕಾಬಾರ ಆಡಿದವರಿಗೆ ಗ್ರಿಡ್ ಹೊಸದಲ್ಲ. ನೆಲದ ಮೇಲೆ ಸುಣ್ಣದಕಡ್ಡಿಯಿಂದ ಅಡ್ಡ ಮತ್ತು ಉದ್ದ ಗೆರೆಗಳನ್ನು ಎಳೆದರೆ ನಡುವೆ ಉಳಿಯುವ ಚೌಕಗಳನ್ನು ನಮ್ಮ ಹಿರಿಯರು 'ಮನೆ' ಎಂದು ಕರೆದರು. ಈ ಲೇಖನದಲ್ಲಿಯೂ ಅದೇ ಪದವನ್ನು ಬಳಸುತ್ತೇವೆ. ಎಡದಿಂದ ಬಲಕ್ಕೆ ಸಾಗುವ ಮನೆಗಳ ಸಾಲು ಅಡ್ಡಸಾಲು. ಮೇಲಿನಿಂದ ಕೆಳಕ್ಕೆ ಇಳಿಯುವುದು ಕಂಬಸಾಲು. ಬ್ಯಾಂಕಿನ ಕೌಂಟರಿನ ಒಳಬದಿಯಲ್ಲಿ ಕುಳಿತು ದುಡಿದ ನಮ್ಮಂಥವರಿಗೆ ಲೆಡ್ಜರ್ ಪುಸ್ತಕವೇ ಗ್ರಿಡ್‌ನ ಮೊದಲ ಪಾಠ. ದಿನಾಂಕಕ್ಕೆ ಕಿರಿದಾದ ಕಂಬಸಾಲು, ವಿವರಕ್ಕೆ ಅಗಲವಾದದ್ದು, ಜಮಾ, ಖರ್ಚು ಮತ್ತು ಶಿಲ್ಕಿಗೆ ಸಮನಾದ ಮೂರು. ಒಳಗೆ ಏನು ಬರೆಯಲಿದ್ದೇವೆ ಎಂಬುದನ್ನು ತಿಳಿದ ಮೇಲೆಯೇ ಗೆರೆ ಎಳೆಯಲಾಗಿದೆ ಎಂಬುದನ್ನು ಆ ಪುಟವೇ ಹೇಳುತ್ತದೆ.

ಮುದ್ರಣ ಕಲೆಯಲ್ಲಿ ಈ ವಿಚಾರವನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರಲ್ಲಿ ಸ್ವಿಟ್ಜರ್‌ಲೆಂಡ್‌ನ ವಿನ್ಯಾಸಕಾರ ಯೋಸೆಫ್ ಮ್ಯೂಲರ್-ಬ್ರಾಕ್‌ಮನ್ ಪ್ರಮುಖರು. ಗ್ರಿಡ್ ಪದ್ಧತಿಯ ಕುರಿತಾದ ಅವರ ಗ್ರಂಥ 1981ರಲ್ಲಿ ಪ್ರಕಟವಾಯಿತು. ಆದರೆ ಕಾಗದದ ಪುಟಕ್ಕೂ ಮೊಬೈಲ್ ಪರದೆಗೂ ಒಂದು ದೊಡ್ಡ ಅಂತರವಿದೆ. ಮುದ್ರಿಸಿದ ಪುಟದ ಅಳತೆ ಬದಲಾಗದು. ಅದರ ಮೇಲಿನ ಅಕ್ಷರವೂ ಹಿಗ್ಗದು, ಕುಗ್ಗದು. ಮೊಬೈಲಿನಲ್ಲಿ ಪರದೆಯ ಅಗಲ ಒಂದೊಂದು ಫೋನಿಗೆ ಒಂದೊಂದು, ಭಾಷೆ ಬಳಸುವವರ ಇಚ್ಛೆ, ಅಕ್ಷರದ ಗಾತ್ರವೂ ಅವರ ಇಚ್ಛೆ. ಮೇಲಾಗಿ ಇಲ್ಲಿಯ ಮನೆ ಓದುವುದಕ್ಕೆ ಮಾತ್ರ ಇರುವುದಲ್ಲ, ಬೆರಳಿನಿಂದ ಒತ್ತುವುದಕ್ಕೂ ಇದೆ. ಆದುದರಿಂದ ಮನೆಯ ಗಾತ್ರವನ್ನು ನಿಶ್ಚಯಿಸುವಾಗ ಪರದೆ, ಅಕ್ಷರ ಹಾಗೂ ಬೆರಳು ಈ ಮೂರರ ಅಳತೆಯನ್ನೂ ಒಟ್ಟಿಗೆ ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ.

ಅಳತೆಯ ಮಾನ

ಪರದೆಯ ಮೇಲಿನ ಅತಿ ಚಿಕ್ಕ ಬೆಳಕಿನ ಬಿಂದುವಿಗೆ ಪಿಕ್ಸೆಲ್ ಎಂದು ಹೆಸರು. ಒಂದು ಫೋನಿನಲ್ಲಿ ಬಿಂದುಗಳು ಒತ್ತಾಗಿರುತ್ತವೆ, ಇನ್ನೊಂದರಲ್ಲಿ ವಿರಳ. ಪಿಕ್ಸೆಲ್ಲಿನಲ್ಲಿ ಅಳೆದರೆ ಒಂದೇ ಚಿತ್ರ ಒಂದು ಫೋನಿನಲ್ಲಿ ದೊಡ್ಡದಾಗಿಯೂ ಇನ್ನೊಂದರಲ್ಲಿ ಸಣ್ಣದಾಗಿಯೂ ಕಾಣುವುದು. ಈ ತೊಂದರೆಯ ನಿವಾರಣೆಗೆ ಆಂಡ್ರಾಯ್ಡ್ ವ್ಯವಸ್ಥೆಯಲ್ಲಿ 'ಡಿಪಿ' ಎಂಬ ಮಾನವನ್ನು ಬಳಸುತ್ತಾರೆ. ಅಂಗುಲಕ್ಕೆ 160 ಬಿಂದುಗಳಿರುವ ಪರದೆಯಲ್ಲಿ 1 ಡಿಪಿ ಎಂದರೆ 1 ಪಿಕ್ಸೆಲ್. ಬಿಂದುಗಳು ಇದರ ಮೂರು ಪಟ್ಟು ಒತ್ತಾಗಿದ್ದರೆ 1 ಡಿಪಿಗೆ 3 ಪಿಕ್ಸೆಲ್. ಐಫೋನಿನಲ್ಲಿ ಇದೇ ಬಗೆಯ ಮಾನಕ್ಕೆ 'ಪಾಯಿಂಟ್' ಎಂದು ಹೆಸರು. ಅಕ್ಷರಗಳಿಗೆ ಮಾತ್ರ ಆಂಡ್ರಾಯ್ಡ್‌ನಲ್ಲಿ 'ಎಸ್‌ಪಿ' ಎಂಬ ಪ್ರತ್ಯೇಕ ಮಾನವಿದೆ. ಬಳಸುವವರು ಅಕ್ಷರದ ಗಾತ್ರವನ್ನು ಹೆಚ್ಚಿಸಿಕೊಂಡರೆ ಎಸ್‌ಪಿಯಲ್ಲಿ ಅಳೆದದ್ದು ಬೆಳೆಯುತ್ತದೆ, ಡಿಪಿಯಲ್ಲಿ ಅಳೆದದ್ದು ಇದ್ದಲ್ಲಿಯೇ ಇರುತ್ತದೆ. ಅಕ್ಷರ ಬೆಳೆದು ಅದರ ಮನೆ ಬೆಳೆಯದೆ ಹೋದಾಗ ಏನಾಗುತ್ತದೆ ಎಂಬುದನ್ನು ಇದರಿಂದಲೇ ಊಹಿಸಬಹುದು.

ಬೆರಳಿನ ವಿಷಯದಲ್ಲಿ ಗೂಗಲ್ ಸಂಸ್ಥೆಯ ವಿನ್ಯಾಸ ಸೂತ್ರಗಳು ಒತ್ತಬೇಕಾದ ಯಾವುದೇ ಜಾಗ ಕನಿಷ್ಠ 48 ಡಿಪಿ ಅಗಲ, 48 ಡಿಪಿ ಎತ್ತರ ಇರಬೇಕೆಂದು ಹೇಳುತ್ತವೆ. ಆ್ಯಪಲ್ ಸಂಸ್ಥೆಯ ಸೂಚನೆ 44 ಪಾಯಿಂಟ್. ಲೆಕ್ಕದ ಪ್ರಕಾರ 48 ಡಿಪಿ ಎಂದರೆ ಅಂಗುಲದ ಹತ್ತರಲ್ಲಿ ಮೂರು ಭಾಗ, ಸುಮಾರು ಏಳೂವರೆ ಮಿಲಿಮೀಟರ್. ಇದು ಆರಾಮದ ಅಳತೆಯಲ್ಲ, ಕನಿಷ್ಠ ಅಳತೆ ಎಂಬುದು ಗಮನಾರ್ಹ. ಕೈ ನಡುಗುವ ವಯಸ್ಸಿನವರಿಗೆ, ಲೋಕಲ್ ರೈಲಿನಲ್ಲಿ ಒಂದು ಕೈಯಿಂದ ಕಂಬ ಹಿಡಿದು ಇನ್ನೊಂದರ ಹೆಬ್ಬೆರಳಿನಿಂದ ಫೋನ್ ಒತ್ತುವವರಿಗೆ ಇದಕ್ಕಿಂತ ಹೆಚ್ಚು ಜಾಗ ದೊರೆತರೆ ಒಳಿತು.

ಅಗಲದ ಲೆಕ್ಕ

ಕಂಬಸಾಲಿನ ಅಗಲವನ್ನು ಮೂರು ಬಗೆಯಲ್ಲಿ ನಿಗದಿಪಡಿಸಬಹುದು. ಮೊದಲನೆಯದು ನಿಶ್ಚಿತ ಅಗಲ: ಪರದೆ ಹೇಗೇ ಇರಲಿ, ಈ ಕಂಬಸಾಲಿಗೆ ಇಷ್ಟೇ ಡಿಪಿ. ಎರಡನೆಯದು ಪಾಲು: ಇರುವ ಜಾಗವನ್ನು ಅಣ್ಣತಮ್ಮಂದಿರ ಆಸ್ತಿಯಂತೆ ಹಂಚುವುದು. ಮೂರನೆಯದು ಒಳಗಿನ ವಸ್ತುವಿಗೆ ತಕ್ಕ ಅಗಲ: ಆ ಕಂಬಸಾಲಿನಲ್ಲಿ ಅತಿ ಉದ್ದವಾದದ್ದು ಯಾವುದೋ ಅದಕ್ಕೆ ಬೇಕಾದಷ್ಟು. ಮೈಕ್ರೋಸಾಫ್ಟ್‌ನ ಆ್ಯಪ್ ತಯಾರಿಕಾ ವ್ಯವಸ್ಥೆಯಲ್ಲಿ ಮೊದಲನೆಯದಕ್ಕೆ ಅಂಕಿಯನ್ನೂ ಎರಡನೆಯದಕ್ಕೆ ನಕ್ಷತ್ರದ ಗುರುತನ್ನೂ ಮೂರನೆಯದಕ್ಕೆ 'ಆಟೋ' ಎಂಬ ಪದವನ್ನೂ ಬರೆಯುತ್ತಾರೆ. ಉಳಿದ ವ್ಯವಸ್ಥೆಗಳಲ್ಲಿ ಹೆಸರುಗಳು ಬೇರೆಯಾದರೂ ಅವುಗಳ ಹಿಂದಿನ ವಿಚಾರ ಹೆಚ್ಚುಕಡಿಮೆ ಇದೇ.

ತಿಂಗಳ ಕ್ಯಾಲೆಂಡರಿಗೆ ಎರಡನೆಯ ಬಗೆಯೇ ಸೂಕ್ತ, ಏಕೆಂದರೆ ಏಳು ವಾರಗಳಿಗೂ ಸಮಾನ ಗೌರವ ಸಲ್ಲಬೇಕು. 360 ಡಿಪಿ ಅಗಲದ ಒಂದು ಫೋನನ್ನು ತೆಗೆದುಕೊಳ್ಳೋಣ. ಎಡಬಲಗಳಲ್ಲಿ 16 ಡಿಪಿ ಅಂಚು ಬಿಡುವುದು ರೂಢಿ. ಉಳಿಯುವುದು 328. ಇದನ್ನು ಏಳರಿಂದ ಭಾಗಿಸಿದರೆ ಒಂದು ಮನೆಗೆ 47 ಡಿಪಿಯೂ ಪೂರ್ತಿ ದೊರೆಯುವುದಿಲ್ಲ. ಬೆರಳಿಗೆ ಬೇಕಾದ 48 ತಪ್ಪಿಹೋಯಿತು. ಇನ್ನೊಂದು ತೊಡಕೂ ಇದೆ. ಮೂರು ಪಟ್ಟು ಒತ್ತಾದ ಪರದೆಯಲ್ಲಿ 328 ಡಿಪಿ ಎಂದರೆ 984 ಪಿಕ್ಸೆಲ್. ಅದನ್ನು ಏಳು ಮಾಡಿದರೆ ತಲಾ 140, ಶೇಷ 4. ಪಿಕ್ಸೆಲ್ಲನ್ನು ಒಡೆಯಲು ಬಾರದು. ಆ ನಾಲ್ಕನ್ನು ಯಾವುದಾದರೂ ನಾಲ್ಕು ಕಂಬಸಾಲುಗಳಿಗೆ ಒಂದೊಂದರಂತೆ ಹಂಚದಿದ್ದರೆ ಬಲಗಡೆಯ ಅಂಚು ಮೇಲಿನ ಶೀರ್ಷಿಕೆಯ ಅಂಚಿಗೆ ಸರಿಹೊಂದದು. ಶಿಲ್ಕು ತಾಳೆಯಾಗದ ಪುಸ್ತಕದಂತೆ ಕಣ್ಣಿಗೆ ಏನೋ ಕೊರತೆ ಕಾಣುತ್ತಲೇ ಇರುತ್ತದೆ.

ಪರಿಹಾರವು ಅಂಚಿನಲ್ಲಿಯೇ ಇದೆ. 16ರ ಬದಲು 12 ಡಿಪಿ ಅಂಚು ಬಿಟ್ಟರೆ ಉಳಿಯುವುದು 336. ಏಳರಿಂದ ಭಾಗಿಸಿದರೆ ಸರಿಯಾಗಿ 48, ಶೇಷವಿಲ್ಲ. ಪಿಕ್ಸೆಲ್ಲಿನಲ್ಲಿ 1008ಕ್ಕೆ ತಲಾ 144. ಕೇವಲ ನಾಲ್ಕು ಡಿಪಿಯ ಹೊಂದಾಣಿಕೆಯಿಂದ ಬೆರಳಿನ ಅಗತ್ಯವೂ ಗೆರೆಗಳ ನೇರವೂ ಒಮ್ಮೆಗೇ ಸಾಧಿಸಿದವು. ಇತರ ಅಗಲದ ಫೋನುಗಳಲ್ಲಿ ಅಂಕಿಗಳು ಬೇರೆಯಾಗುತ್ತವೆ. ಮೊದಲು ಮನೆಯನ್ನು ಅಳೆದು, ಉಳಿದದ್ದನ್ನು ಅಂಚಿಗೆ ಕೊಡಬೇಕೆಂಬ ಕ್ರಮ ಮಾತ್ರ ಬದಲಾಗುವುದಿಲ್ಲ.

ಸೇವೆಗಳ ಚಿತ್ರಗಳನ್ನು ಸಾಲಾಗಿ ಇಡುವ ಮುಖಪುಟದಲ್ಲಿ ಪ್ರಶ್ನೆಯ ಸ್ವರೂಪ ಬೇರೆ. ಅಲ್ಲಿ ಒಂದು ಅಡ್ಡಸಾಲಿಗೆ ಎಷ್ಟು ಮನೆ ಎಂಬುದೇ ನಮ್ಮ ಆಯ್ಕೆ. 328 ಡಿಪಿ ಜಾಗದಲ್ಲಿ 8 ಡಿಪಿ ಅಂತರ ಬಿಟ್ಟು ನಾಲ್ಕು ಮನೆ ಕಟ್ಟಿದರೆ ತಲಾ 76, ಮೂರು ಕಟ್ಟಿದರೆ ತಲಾ 104. ಇಂಗ್ಲಿಷಿನ 'ಲೋನ್', 'ಕಾರ್ಡ್' ಎಂಬ ಚುಟುಕು ಪದಗಳಿಗೆ 76 ಧಾರಾಳ. 'ಕಾರ್ಯಕ್ರಮಗಳು', 'ಹಣ ವರ್ಗಾವಣೆ', 'ಸದಸ್ಯತ್ವ ನವೀಕರಣ' ಎಂದು ಬರೆಯಬೇಕಾದ ಕನ್ನಡಕ್ಕೆ ಅದು ಇಕ್ಕಟ್ಟು. ಆದ್ದರಿಂದ ಇಂತಿಷ್ಟೇ ಕಂಬಸಾಲು ಎಂದು ನಿಗದಿಪಡಿಸುವ ಬದಲು, ಒಂದು ಮನೆ ಕನಿಷ್ಠ 96 ಡಿಪಿ ಇರಲಿ, ಎಷ್ಟು ಹಿಡಿಯುತ್ತವೋ ಅಷ್ಟು ಕಂಬಸಾಲುಗಳಿರಲಿ ಎಂದು ಸೂಚಿಸುವುದು ಮೇಲು. ಆಗ ಮೇಲಿನ ಫೋನಿನಲ್ಲಿ ಮೂರು, 800 ಡಿಪಿ ಅಗಲದ ಟ್ಯಾಬ್ಲೆಟ್ಟಿನಲ್ಲಿ ಏಳು ಮನೆಗಳು ತಾವಾಗಿಯೇ ಕೂಡಿಬರುತ್ತವೆ. ಆ್ಯಪಲ್ ಸಂಸ್ಥೆಯ 'ಸ್ವಿಫ್ಟ್‌ಯುಐ'ಯಲ್ಲಿ 2020ರಿಂದ, ಆಂಡ್ರಾಯ್ಡ್‌ನ 'ಕಂಪೋಸ್' ವ್ಯವಸ್ಥೆಯಲ್ಲಿಯೂ ಇದಕ್ಕೆ 'ಅಡಾಪ್ಟಿವ್' ಎಂಬ ಹೆಸರಿನ ಸಿದ್ಧ ಸೌಲಭ್ಯವಿದೆ. ತಯಾರಕರು ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ.

ಎತ್ತರವೇ ಕನ್ನಡದ ಪ್ರಶ್ನೆ

ಅಗಲದಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಇರುವ ವ್ಯತ್ಯಾಸ ಪದದ ಉದ್ದದ್ದು. ಎತ್ತರದಲ್ಲಿರುವ ವ್ಯತ್ಯಾಸ ಲಿಪಿಯ ಸ್ವಭಾವಕ್ಕೇ ಸೇರಿದ್ದು. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಗೆರೆಯ ಕೆಳಗೆ ಇಳಿಯುವವು ಬೆರಳೆಣಿಕೆಯಷ್ಟು; ಅವುಗಳೂ ತುಸುವೇ ಇಳಿಯುತ್ತವೆ. ಕನ್ನಡದಲ್ಲಿ ಗುಡಿಸು ಮತ್ತು ಎತ್ವ ತಲೆಯ ಮೇಲೆ ಏರುತ್ತವೆ. ವಟ್ರಸುಳಿ ಹಾಗೂ ಐತ್ವದ ಕೆಳಗಿನ ಗುರುತು ಕೆಳಗೆ ಇಳಿಯುತ್ತವೆ. ಒತ್ತಕ್ಷರವಂತೂ ಮೂಲಾಕ್ಷರದ ಕೆಳಗೆ ಇನ್ನೊಂದು ಅಂತಸ್ತನ್ನೇ ಕಟ್ಟುತ್ತದೆ. 'ರಾಷ್ಟ್ರ', 'ಸ್ತ್ರೀ' ಎಂಬ ಪದಗಳಲ್ಲಿ ಎರಡು ಒತ್ತುಗಳು ಸೇರಿಕೊಳ್ಳುತ್ತವೆ.

ಇಂಗ್ಲಿಷ್ ಅಕ್ಷರವನ್ನು ಕಣ್ಣಮುಂದೆ ಇಟ್ಟುಕೊಂಡು ಮನೆಯ ಎತ್ತರವನ್ನು ಬಿಗಿಯಾಗಿ ನಿಗದಿಪಡಿಸಿ, ಅನಂತರ ಅದರಲ್ಲಿ ಕನ್ನಡವನ್ನು ಕೂರಿಸಿದರೆ ಮೊದಲು ಬಲಿಯಾಗುವುದು ಒತ್ತಕ್ಷರ. ಒತ್ತು ಹೋದರೆ ಸೌಂದರ್ಯ ಮಾತ್ರ ಹೋಯಿತೆಂದು ತಿಳಿಯಬಾರದು, ಅರ್ಥವೇ ಬದಲಾಗುತ್ತದೆ. 'ಕತ್ತೆ'ಯ ಕೆಳಭಾಗ ಕತ್ತರಿಸಿದರೆ 'ಕತೆ'. 'ಹಳ್ಳಿ' ಹೋಗಿ 'ಹಳಿ'ಯಾಗುತ್ತದೆ, 'ಎಲ್ಲೆ' ಹೋಗಿ 'ಎಲೆ'ಯಾಗುತ್ತದೆ. ನಮ್ಮ ಭಾಷೆಯ ಹೆಸರೇ 'ಕನಡ' ಎಂದು ಕಾಣಿಸಿಕೊಂಡೀತು. ಪಂಚಾಂಗದ ಪದಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಕೃತ್ತಿಕಾ, ಆಶ್ಲೇಷಾ, ಜ್ಯೇಷ್ಠಾ, ಧನಿಷ್ಠಾ ಮುಂತಾಗಿ ಒತ್ತಕ್ಷರವಿರುವ ನಕ್ಷತ್ರಗಳೇ ಅಲ್ಲಿ ಸಾಲುಗಟ್ಟಿವೆ.

ಈ ವಿಷಯದಲ್ಲಿ ಆಂಡ್ರಾಯ್ಡ್ ವ್ಯವಸ್ಥೆಯ ಇತ್ತೀಚಿನ ಬೆಳವಣಿಗೆಯೊಂದನ್ನು ಓದುಗರ ಗಮನಕ್ಕೆ ತರಬಯಸುತ್ತೇವೆ. ಎತ್ತರದ ಲಿಪಿಗಳು ಪರದೆಯ ವಿನ್ಯಾಸವನ್ನು ಕೆಡಿಸದಿರಲೆಂದು ಅಲ್ಲಿ ಕೆಲವು ಲಿಪಿಗಳಿಗೆ ಮೇಲೆ-ಕೆಳಗೆ ಅದುಮಿದಂತಹ ಅಕ್ಷರರೂಪವನ್ನು ಬಳಸಲಾಗುತ್ತಿತ್ತು. 2024ರಲ್ಲಿ ಬಂದ ಆಂಡ್ರಾಯ್ಡ್ 15ರಿಂದ, ಆ ಆವೃತ್ತಿಗೆಂದು ಸಿದ್ಧಪಡಿಸಿದ ಆ್ಯಪ್‌ಗಳಲ್ಲಿ ಓದಲು ಹಿತವಾದ ಪೂರ್ಣ ಎತ್ತರದ ರೂಪವೇ ತಾನಾಗಿ ದೊರೆಯುವಂತಾಯಿತು. 2025ರ ಆಂಡ್ರಾಯ್ಡ್ 16ಕ್ಕೆಂದು ಸಿದ್ಧವಾಗುವ ಆ್ಯಪ್‌ಗಳಿಗೆ ಹಳೆಯ ಅದುಮಿದ ರೂಪಕ್ಕೆ ಮರಳುವ ಅವಕಾಶವೂ ಉಳಿದಿಲ್ಲ. ಇದಕ್ಕೆ ತಕ್ಕಂತೆ ವಿನ್ಯಾಸವನ್ನು ಸರಿಪಡಿಸಿಕೊಳ್ಳಬೇಕೆಂದು ಗೂಗಲ್ ಹೆಸರಿಸಿದ ಲಿಪಿಗಳಲ್ಲಿ ತಮಿಳು, ತೆಲುಗು, ಮಲಯಾಳಂಗಳೊಂದಿಗೆ ಕನ್ನಡವೂ ಇದೆ. ಲಿಪಿಗೆ ಇದು ಶುಭವಾರ್ತೆ. ಆದರೆ ಎತ್ತರವನ್ನು ಬಿಗಿಯಾಗಿ ಕಟ್ಟಿದ ಹಳೆಯ ಮನೆಗಳಿಗೆ ಇದು ಎಚ್ಚರಿಕೆಯ ಗಂಟೆ. ನಿನ್ನೆಯವರೆಗೆ ಹೇಗೋ ಹಿಡಿಸಿದ್ದ ಅಕ್ಷರ, ಆ್ಯಪ್ ನವೀಕರಿಸಿದ ಮರುದಿನ ಹಿಡಿಸದೆ ಹೋಗಬಹುದು.

ಇನ್ನೊಂದು ಸೂಕ್ಷ್ಮವನ್ನೂ ಹೇಳಬೇಕು. ಕೆಲವು ವ್ಯವಸ್ಥೆಗಳಲ್ಲಿ ಮನೆಯ ಎತ್ತರವು ಒಳಗಿನ ಅಕ್ಷರವನ್ನು ನೋಡುವುದೇ ಇಲ್ಲ. ಗೂಗಲ್‌ನ 'ಫ್ಲಟರ್' ಎಂಬ ಜನಪ್ರಿಯ ಸಾಧನದಲ್ಲಿ ಬೇರೇನೂ ಸೂಚಿಸದಿದ್ದರೆ ಗ್ರಿಡ್‌ನ ಮನೆ ಅಗಲದಷ್ಟೇ ಎತ್ತರವಾಗಿ, ಚಚ್ಚೌಕವಾಗಿ ನಿಲ್ಲುತ್ತದೆ. ಒಳಗಿನ ಪದ ಎರಡು ಸಾಲಾದರೂ ಮೂರು ಸಾಲಾದರೂ ಆ ಚೌಕ ಹಿಗ್ಗುವುದಿಲ್ಲ. ಸಾಧನದ ದೋಷ ಇದರಲ್ಲಿಲ್ಲ. ಬೇಕಾದ ಎತ್ತರವನ್ನು ತಿಳಿಸುವ ದಾರಿಯನ್ನು ಅದು ಒದಗಿಸಿದೆ. ತಿಳಿಸಬೇಕೆಂಬ ಅರಿವು ತಯಾರಕರಲ್ಲಿರಬೇಕು.

ಕಟ್ಟಬೇಕಾದ ಕ್ರಮ ಹೀಗೆ. ನಿಶ್ಚಿತ ಎತ್ತರದ ಬದಲು ಕನಿಷ್ಠ ಎತ್ತರವನ್ನು ಗೊತ್ತುಪಡಿಸಿ, ಅಕ್ಷರ ಬೆಳೆದಂತೆ ಮನೆ ಬೆಳೆಯಲು ಬಿಡಬೇಕು. ಒಂದು ಅಡ್ಡಸಾಲಿನಲ್ಲಿ ಅತಿ ಎತ್ತರದ ಮನೆ ಯಾವುದೋ ಉಳಿದವೂ ಅದರ ಎತ್ತರವನ್ನೇ ಪಡೆಯಬೇಕು; ಆಗ ಗೆರೆ ನೇರವಾಗುತ್ತದೆ. ಸಾಲಿನಿಂದ ಸಾಲಿಗೆ ಇರುವ ಅಂತರ ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಕಡಿಮೆಯಾಗದಂತೆ ನೋಡಿಕೊಂಡರೆ ಮೇಲಿನ ಸಾಲಿನ ಒತ್ತು ಕೆಳಸಾಲಿನ ಗುಡಿಸಿಗೆ ತಾಗದು. ಅಕ್ಷರದ ಗಾತ್ರವನ್ನು ಎರಡು ಪಟ್ಟು ಹೆಚ್ಚಿಸಿ ನೋಡುವುದೂ ಅಗತ್ಯ, ಏಕೆಂದರೆ 2023ರ ಆಂಡ್ರಾಯ್ಡ್ 14ರಿಂದ ಬಳಸುವವರು ಅದನ್ನು ಶೇಕಡಾ 200ರವರೆಗೆ ಏರಿಸಿಕೊಳ್ಳಬಹುದಾಗಿದೆ. ಆ ಗಾತ್ರದಲ್ಲಿ ಏಳು ಕಂಬಸಾಲಿನ ಮನೆಯೊಳಗೆ ತಿಥಿ-ನಕ್ಷತ್ರ ಹಿಡಿಸುವುದು ಅಸಾಧ್ಯ. ಮನೆಯಲ್ಲಿ ತಾರೀಖನ್ನು ಮಾತ್ರ ಇಟ್ಟು, ಅದನ್ನು ಒತ್ತಿದಾಗ ಉಳಿದ ವಿವರ ಕೆಳಗೆ ಪೂರ್ಣವಾಗಿ ತೆರೆದುಕೊಳ್ಳುವಂತೆ ಮಾಡುವುದೇ ಆಗ ಉಳಿಯುವ ಮಾರ್ಗ.

ನಾಲ್ಕು ಸಾಲೋ, ಆರು ಸಾಲೋ?

ಕ್ಯಾಲೆಂಡರಿನ ಅಡ್ಡಸಾಲುಗಳ ಸಂಖ್ಯೆಯೂ ಸ್ಥಿರವಲ್ಲ. ಭಾನುವಾರದಿಂದ ವಾರ ಆರಂಭಿಸುವುದಾದರೆ, 2026ರ ಫೆಬ್ರವರಿ ಭಾನುವಾರದಂದೇ ಮೊದಲಾಗಿ 28 ದಿನಗಳಲ್ಲಿ ನಾಲ್ಕು ಸಾಲಿಗೆ ಮುಗಿಯುತ್ತದೆ. ಅದೇ ವರ್ಷದ ಆಗಸ್ಟ್ ಶನಿವಾರ ಮೊದಲಾಗುತ್ತದೆ; 30 ಮತ್ತು 31ನೆಯ ತಾರೀಖುಗಳು ಆರನೆಯ ಸಾಲಿಗೆ ಇಳಿಯುತ್ತವೆ. ಗೋಡೆ ಕ್ಯಾಲೆಂಡರಿನವರು ಇಂಥ ತಿಂಗಳಿನಲ್ಲಿ 23 ಮತ್ತು 30ನ್ನು ಒಂದೇ ಮನೆಯಲ್ಲಿ ಕೂರಿಸುವುದನ್ನು, ಇಲ್ಲವೇ ಕೊನೆಯ ತಾರೀಖುಗಳನ್ನು ಮೊದಲ ಸಾಲಿನ ಖಾಲಿ ಮನೆಗಳಿಗೆ ಏರಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಕಾಗದದ ಮೇಲೆ ಅದು ಜಾಣತನ. ಮೊಬೈಲಿನಲ್ಲಿ ಒಂದು ಮನೆಗೆ ಇಬ್ಬರು ಯಜಮಾನರಾದರೆ ಬೆರಳು ಯಾರ ಬಾಗಿಲು ತಟ್ಟಿತೆಂದು ತಿಳಿಯದು.

ಇಡೀ ತಿಂಗಳಿಗೆ 320 ಡಿಪಿ ಎತ್ತರವನ್ನು ಮೀಸಲಿಟ್ಟರೆ ಐದು ಸಾಲಿನ ತಿಂಗಳಿನಲ್ಲಿ ಒಂದು ಮನೆಗೆ 64, ಆರು ಸಾಲಿನ ತಿಂಗಳಿನಲ್ಲಿ ಸುಮಾರು 53. ಹನ್ನೊಂದು ಡಿಪಿಯ ಈ ಕೊರತೆಯಲ್ಲಿಯೇ ಕೆಳಗಿನ ಒತ್ತು ಕತ್ತರಿಸಿಹೋಗುವುದು. ಹೆಚ್ಚಿನ ತಿಂಗಳುಗಳಲ್ಲಿ ಸರಿಯಾಗಿದ್ದ ಕ್ಯಾಲೆಂಡರ್ ಕೆಲವು ತಿಂಗಳುಗಳಲ್ಲಿ ಕೆಟ್ಟು ಕಾಣುವುದರ ಗುಟ್ಟು ಇದು. ಮನೆಯ ಎತ್ತರವನ್ನು ಸ್ಥಿರವಾಗಿಟ್ಟು ತಿಂಗಳ ಒಟ್ಟು ಎತ್ತರವನ್ನು ಬದಲಾಗಲು ಬಿಟ್ಟರೆ ಈ ತೊಂದರೆಯೇ ಇಲ್ಲ. ಪರದೆಯನ್ನು ಬೆರಳಿನಿಂದ ಮೇಲಕ್ಕೆ ಸರಿಸುವುದು ಯಾರಿಗೂ ಶ್ರಮವಲ್ಲ.

ಮನೆಯೊಳಗೆ ಎಲ್ಲಿ ನಿಲ್ಲಿಸಬೇಕು?

ಗಾತ್ರ ನಿಶ್ಚಯವಾದ ಬಳಿಕ ಒಳಗಿನದನ್ನು ಎಡಕ್ಕೋ ಬಲಕ್ಕೋ ನಡುವಿಗೋ ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆ. ಇದಕ್ಕೆ ಲೆಡ್ಜರ್ ಎಂದೋ ಉತ್ತರ ಕೊಟ್ಟಿದೆ. ವಿವರ ಎಡಕ್ಕೆ, ಮೊತ್ತ ಬಲಕ್ಕೆ. 1,25,000.00 ಮತ್ತು 9,850.50 ಎಂಬ ಎರಡು ಮೊತ್ತಗಳನ್ನು ಬಲಕ್ಕೆ ಒತ್ತಿ ಒಂದರ ಕೆಳಗೊಂದು ಬರೆದರೆ ಪೈಸೆಯ ಕೆಳಗೆ ಪೈಸೆ, ಸಾವಿರದ ಕೆಳಗೆ ಸಾವಿರ ಬಂದು ಯಾವುದು ದೊಡ್ಡದೆಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಅಂದಕ್ಕೆಂದು ಎರಡನ್ನೂ ನಡುವಿಗೆ ಇಟ್ಟರೆ ಆ ತಿಳಿವಳಿಕೆ ನಾಶವಾಗುತ್ತದೆ. ಅಂಕಿಗಳೆಲ್ಲವೂ ಸಮಾನ ಅಗಲದವಾಗಿರಬೇಕೆಂಬ ನಿಯಮವೂ ಇದಕ್ಕೆ ಪೂರಕ. ಇಲ್ಲವಾದರೆ 1ರ ಅಂಕಿ ಕಿರಿದಾಗಿ ಸ್ಥಾನಗಳು ಸರಿದುಹೋಗುತ್ತವೆ. ಕ್ಯಾಲೆಂಡರಿನ ತಾರೀಖು ಮಾತ್ರ ನಡುವಿನಲ್ಲಿದ್ದರೆ ತಪ್ಪಿಲ್ಲ, ಏಕೆಂದರೆ ಅದನ್ನು ಯಾರೂ ಕೂಡಿ ಕಳೆಯುವುದಿಲ್ಲ.

ಮೇಲೆ-ಕೆಳಗಿನ ಜೋಡಣೆಯಲ್ಲಿ ಕನ್ನಡಕ್ಕೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಭಾನು, ಸೋಮ, ಮಂಗಳ, ಬುಧ, ಗುರು, ಶುಕ್ರ, ಶನಿ ಎಂಬ ಏಳರಲ್ಲಿ ಒತ್ತಕ್ಷರವಿರುವುದು ಶುಕ್ರನಿಗೆ ಮಾತ್ರ. ಇವುಗಳನ್ನು ಚಿತ್ರಗಳನ್ನಾಗಿ ಮಾಡಿ, ಪ್ರತಿಯೊಂದನ್ನೂ ಅದರದರ ಎತ್ತರಕ್ಕೆ ತಕ್ಕಂತೆ ನಡುವಿಗೆ ಇಟ್ಟರೆ, ಕೆಳಗಿನ ಒತ್ತಿನಿಂದಾಗಿ ಶುಕ್ರವೊಂದೇ ತುಸು ಮೇಲಕ್ಕೆದ್ದು ಸಾಲು ತಪ್ಪಿದಂತೆ ಕಾಣುತ್ತದೆ. ಪದಗಳನ್ನು ಚಿತ್ರವಾಗಿಸದೆ ಅಕ್ಷರವಾಗಿಯೇ ಇಟ್ಟು, ಮೂಲಾಕ್ಷರಗಳು ಕುಳಿತುಕೊಳ್ಳುವ ಅಡಿಗೆರೆಯನ್ನು ಆಧಾರವಾಗಿಟ್ಟುಕೊಂಡರೆ ಏಳೂ ಒಂದೇ ನೆಲದ ಮೇಲೆ ನಿಲ್ಲುತ್ತವೆ, ಒತ್ತು ತನ್ನ ಪಾಡಿಗೆ ಕೆಳಗೆ ಇಳಿದಿರುತ್ತದೆ. ಸೇವೆಗಳ ಮುಖಪುಟದಲ್ಲಿಯೂ ಹೀಗೆಯೇ. ಒಂದು ಮನೆಯ ಹೆಸರು ಒಂದು ಸಾಲು, ಪಕ್ಕದ್ದು ಎರಡು ಸಾಲು ಎಂದಾದರೆ ಎಲ್ಲವನ್ನೂ ನಡುವಿಗೆ ತರಲು ಹೋದಾಗ ಚಿತ್ರಗಳು ಏರುಪೇರಾಗುತ್ತವೆ. ಚಿತ್ರಗಳನ್ನು ಮೇಲಂಚಿಗೆ ಜೋಡಿಸಿ ಹೆಸರನ್ನು ಕೆಳಕ್ಕೆ ಬೆಳೆಯಬಿಟ್ಟರೆ ನೋಟ ನೇರವಾಗಿ ಉಳಿಯುತ್ತದೆ.

ಕತ್ತರಿಸುವ ಕತ್ತರಿ

ಜಾಗ ಸಾಲದಾದಾಗ ಯಂತ್ರಕ್ಕೆ ತಿಳಿದಿರುವ ಸುಲಭದ ಉಪಾಯ ಕತ್ತರಿಸುವುದು. ವಾರದ ಹೆಸರಿನ ಮೊದಲ ಒಂದು ಅಕ್ಷರವನ್ನು ಮಾತ್ರ ತೋರಿಸು ಎಂದು ಇಂಗ್ಲಿಷಿಗಾಗಿ ಬರೆದ ಆದೇಶವನ್ನು ಕನ್ನಡಕ್ಕೂ ಅನ್ವಯಿಸಿದರೆ ಏನಾಗುತ್ತದೆ? ಯೂನಿಕೋಡ್ ಪದ್ಧತಿಯಲ್ಲಿ 'ಭಾ' ಎಂಬುದು ಒಂದು ಸಂಕೇತವಲ್ಲ, 'ಭ' ಮತ್ತು ದೀರ್ಘದ ಗುರುತು ಎಂಬ ಎರಡು ಸಂಕೇತಗಳು. 'ಸ್ತ್ರೀ' ಎಂಬ ಒಂದೇ ಅಕ್ಷರದಲ್ಲಿ ಆರು ಸಂಕೇತಗಳಿವೆ. ಮೊದಲ ಸಂಕೇತವನ್ನಷ್ಟೇ ಉಳಿಸಿದರೆ ನಮ್ಮ ವಾರಗಳು ಭ, ಸ, ಮ, ಬ, ಗ, ಶ, ಶ ಎಂದಾಗುತ್ತವೆ. ಶುಕ್ರವಾರಕ್ಕೂ ಶನಿವಾರಕ್ಕೂ ಭೇದವೇ ಉಳಿಯಲಿಲ್ಲ. ಪೂರ್ಣ ಅಕ್ಷರವನ್ನು ಎಣಿಸುವಂತೆ ಆದೇಶವನ್ನು ತಿದ್ದಿದರೆ ಭಾ, ಸೋ, ಮಂ, ಬು, ಗು, ಶು, ಶ ಎಂದು ಏಳೂ ಬೇರೆ ಬೇರೆಯಾಗಿ ನಿಲ್ಲುತ್ತವೆ. ಇಂಗ್ಲಿಷಿನಲ್ಲಿ ಒಂದಕ್ಷರಕ್ಕೆ ಇಳಿಸಿದರೆ ಶನಿವಾರ-ಭಾನುವಾರಗಳೂ ಮಂಗಳವಾರ-ಗುರುವಾರಗಳೂ ಒಂದೇ ಆಗಿಬಿಡುತ್ತವೆ. ಈ ಒಂದು ವಿಷಯದಲ್ಲಿ ಕನ್ನಡವೇ ಗ್ರಿಡ್‌ಗೆ ಹೆಚ್ಚು ಅನುಕೂಲವಾದ ಭಾಷೆ ಎಂದು ಧೈರ್ಯವಾಗಿ ಹೇಳಬಹುದು.

ಕೊನೆಗೆ ಮೂರು ಚುಕ್ಕಿ ಇಟ್ಟು ಮುಗಿಸುವ ಕತ್ತರಿಯೂ ಕಡಿಮೆ ಅಪಾಯಕಾರಿಯಲ್ಲ. ಉತ್ತರಾಷಾಢಾ ಮತ್ತು ಉತ್ತರಾಭಾದ್ರಾ ಎರಡನ್ನೂ 'ಉತ್ತರಾ…' ಎಂದು ಕತ್ತರಿಸಿದರೆ ಅವು ಒಂದಕ್ಕೊಂದು ಬೆರೆಯುವುದಲ್ಲದೆ, 'ಉತ್ತರಾ' ಎಂಬ ಮೂರನೆಯ ನಕ್ಷತ್ರವೇ ಅಲ್ಲಿದೆಯೆಂಬ ಭ್ರಮೆ ಹುಟ್ಟುತ್ತದೆ. ಮಗಳ ಮದುವೆಗೆ ದಿನ ನೋಡುವವರಿಗೆ ಇದು ಸಣ್ಣ ವಿಷಯವಲ್ಲ. ಹಣದ ಮೊತ್ತವನ್ನಂತೂ ಯಾವ ಕಾರಣಕ್ಕೂ ಕತ್ತರಿಸಕೂಡದು. '1,25,0…' ಎಂಬುದನ್ನು ಓದಿ ಒಪ್ಪಿಗೆಯ ಗುಂಡಿ ಒತ್ತಬೇಕಾದ ಸ್ಥಿತಿ ಯಾವ ಖಾತೆದಾರರಿಗೂ ಬರಬಾರದು. ಹೆಸರಾದರೆ ಎರಡನೆಯ ಸಾಲಿಗೆ ಇಳಿಯಲಿ. ಮೊತ್ತವಾದರೆ ಅದಕ್ಕೆ ಬೇಕಾದ ಅಗಲವನ್ನು ಮೊದಲು ಕೊಟ್ಟು, ಉಳಿದದ್ದನ್ನು ವಿವರಕ್ಕೆ ಬಿಡಲಿ.

ಸಮಿತಿಯವರು ಮಾಡಬೇಕಾದ ಪರೀಕ್ಷೆ

ಸಂಘದ ಆ್ಯಪನ್ನು ಬರೆದುಕೊಡುವ ಯುವಕರು ಪುಣೆಯವರೋ ಹೈದರಾಬಾದಿನವರೋ ಆಗಿರಬಹುದು, ಕನ್ನಡ ಓದಲು ಬಾರದವರೂ ಆಗಿರಬಹುದು. ಅವರ ಕಣ್ಣಿಗೆ 'ಕತ್ತೆ'ಯೂ ಒಂದೇ, 'ಕತೆ'ಯೂ ಒಂದೇ. ಒತ್ತು ಕತ್ತರಿಸಿದೆಯೆಂದು ಅವರಿಗೆ ಹೇಳುವ ಹೊಣೆ ಕನ್ನಡ ಬಲ್ಲ ನಮ್ಮ ಮೇಲಿದೆ. ಕೊನೆಯ ಕಂತಿನ ಹಣ ಪಾವತಿಸುವ ಮುನ್ನ ಅರ್ಧ ಗಂಟೆಯಲ್ಲಿ ಮುಗಿಯುವ ಈ ಪರೀಕ್ಷೆಗಳನ್ನು ಮಾಡಿ ನೋಡುವುದು ಒಳ್ಳೆಯದು.

1. ಸದಸ್ಯರ ಬಳಿಯಿರುವ ಅತಿ ಚಿಕ್ಕ ಪರದೆಯ ಫೋನಿನಲ್ಲಿ ಆ್ಯಪ್ ತೆರೆದು ನೋಡಬೇಕು.

2. ಫೋನಿನ ಅಕ್ಷರದ ಗಾತ್ರವನ್ನು ಗರಿಷ್ಠಕ್ಕೆ ಏರಿಸಿ, ಪ್ರತಿ ಮನೆಯಲ್ಲಿಯೂ ಅಕ್ಷರ ಪೂರ್ಣವಾಗಿ ಕಾಣುವುದೇ ಎಂದು ಪರಿಶೀಲಿಸಬೇಕು.

3. 'ರಾಷ್ಟ್ರ', 'ಸ್ತ್ರೀ', 'ಜ್ಯೇಷ್ಠಾ', 'ಕೃತ್ತಿಕಾ' ಎಂಬ ಪದಗಳನ್ನು ಮನೆಗಳಲ್ಲಿ ಹಾಕಿಸಿ ಒತ್ತುಗಳ ತುದಿಯನ್ನು ನೋಡಬೇಕು.

4. ಕ್ಯಾಲೆಂಡರ್ ಇದ್ದರೆ 2026ರ ಫೆಬ್ರವರಿಯನ್ನೂ ಆಗಸ್ಟನ್ನೂ ತೆರೆದು ನಾಲ್ಕು ಸಾಲು, ಆರು ಸಾಲುಗಳನ್ನು ಹೋಲಿಸಬೇಕು.

5. ಮೊತ್ತ ತೋರಿಸುವ ಕಡೆ 12,34,567.00ರಂಥ ದೊಡ್ಡ ಅಂಕಿಯನ್ನು ಹಾಕಿಸಿ, ಅದು ಒಂದೇ ಸಾಲಿನಲ್ಲಿ ಪೂರ್ಣವಾಗಿ ನಿಲ್ಲುವುದೇ ಎಂದು ಗಮನಿಸಬೇಕು.

6. ಎಪ್ಪತ್ತು ದಾಟಿದ ಸದಸ್ಯರೊಬ್ಬರ ಕೈಗೆ ಫೋನ್ ಕೊಟ್ಟು, ಏನನ್ನೂ ಹೇಳಿಕೊಡದೆ, ಅವರು ಒತ್ತಬಯಸಿದ ಮನೆಯೇ ತೆರೆಯುವುದೇ ಎಂದು ನೋಡಬೇಕು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ವಿಚಾರವೇಕೆಂದು ಕೆಲವರು ಕೇಳಬಹುದು. ಹೊರನಾಡಿನಲ್ಲಿ ಕನ್ನಡವನ್ನು ನಿತ್ಯ ಓದುವ ಬಹುಮಂದಿ ಹಿರಿಯರೇ. ಮನೆಯ ಮಕ್ಕಳು ಮಾತನಾಡಿದರೂ ಓದುವವರು ವಿರಳ. ಅಕ್ಷರ ಕತ್ತರಿಸಿಹೋದ ಕನ್ನಡದಿಂದ ಬೇಸತ್ತು ಆ ಹಿರಿಯರೂ ಫೋನನ್ನು ಇಂಗ್ಲಿಷಿಗೋ ಹಿಂದಿಗೋ ಬದಲಿಸಿಕೊಂಡರೆ, ಕನ್ನಡವನ್ನು ಆಯ್ದುಕೊಂಡವರ ಲೆಕ್ಕದಿಂದ ಒಬ್ಬೊಬ್ಬರೇ ಕಳೆದುಹೋಗುತ್ತಾರೆ. ಬಳಸುವವರೇ ಇಲ್ಲದ ಭಾಷೆಗೆ ಖರ್ಚು ಮಾಡುವುದೇಕೆಂದು ಆ್ಯಪ್‌ನ ಒಡೆಯರು ಕೇಳಿದಾಗ ನಮ್ಮಲ್ಲಿ ಉತ್ತರವಿರುವುದಿಲ್ಲ. ಒತ್ತಕ್ಷರಕ್ಕೆಂದು ನಾಲ್ಕು ಡಿಪಿ ಜಾಗವನ್ನು ಕೇಳಿ ಪಡೆಯುವುದು ಅಂಥ ದಿನ ಬಾರದಂತೆ ಇಂದೇ ಮಾಡಬಹುದಾದ ಕೆಲಸ. ಮುಂದಿನ ವರ್ಷದ ಕ್ಯಾಲೆಂಡರನ್ನು ಮೊಬೈಲಿಗೆ ತರಲು ಸಿದ್ಧತೆ ನಡೆಸುತ್ತಿರುವ ಸಂಘ-ಸಂಸ್ಥೆಗಳು ತಯಾರಕರೊಂದಿಗಿನ ಮೊದಲ ಸಭೆಯಲ್ಲಿಯೇ ಈ ಮಾತನ್ನು ಎತ್ತಲಿ ಎಂಬುದು ನಮ್ಮ ವಿನಂತಿ.